ಲಟಿಕೆ ಡಾಕ್ಟರು

ಹಿತ್ತಾಳೆಯ ಹಿಡಿ ಬಲಕ್ಕೆ ದೂಡಿದರೆ ಏರುತ್ತದೆ,
ಎಡಕ್ಕೆ ದೂಡಿದರೆ ಇಳಿಯುತ್ತದೆ, ನಡುವಿಗೆ ತಂದರೆ ನಿಲ್ಲುತ್ತದೆ.
ಫೋರ್ಟಿನ ಈ ಹಳೇ ಕಟ್ಟಡದಲ್ಲಿ ಇಪ್ಪತ್ತೊಂಬತ್ತು ವರ್ಷ
ಇಷ್ಟೇ ನನ್ನ ವಿದ್ಯೆ.
ವಕೀಲರನ್ನು ಎರಡಕ್ಕೆ, ಹಡಗು ಕಂಪನಿಯ ಗುಮಾಸ್ತರನ್ನು ಮೂರಕ್ಕೆ,
ಸೊಂಟ ಹಿಡಿದುಕೊಂಡವರನ್ನು ನಾಲ್ಕಕ್ಕೆ.

ನಾಲ್ಕರಲ್ಲಿ ಫ್ರೇನಿ ಕಾಂಟ್ರಾಕ್ಟರ್.
ಮಾತ್ರೆ ಬರೆಯುವುದಿಲ್ಲ, ಬರಿಗೈಯಲ್ಲೇ ಬೆನ್ನುಮೂಳೆಯ ರಿಪೇರಿ.
ಕೈರೋಪ್ರಾಕ್ಟರ್ ಎಂಬ ಶಬ್ದ ನನ್ನ ನಾಲಗೆಗೆ ಹತ್ತುವ ತನಕ
ಲಟಿಕೆ ಡಾಕ್ಟರು ಅನ್ನುತ್ತಿದ್ದೆ.
ಕೊಡೆಯ ಹಿಡಿಯಂತೆ ಬಾಗಿ ಹತ್ತಿದವರು
ಕೊಡೆಯ ಕೋಲಿನಂತೆ ಇಳಿದದ್ದು ನೋಡಿದ್ದೇನೆ.
ಎಲ್ಲರೂ ಅಲ್ಲ. ಕೆಲವರು ಬಾಗಿಯೇ ಇಳಿದರು,
ಬಿಲ್ಲನ್ನು ನಾಲ್ಕಾಗಿ ಮಡಚುತ್ತ.

ಒಂದು ಮಂಗಳವಾರ, ಡೊಂಬಿವಲಿಯ ಖೋಲಿಯಲ್ಲಿ,
ಎಡಕ್ಕೆ ಹೊರಳಿದೆ.
ಫ್ಯಾನು ನಿಂತೇ ಇತ್ತು, ಮಾಡು ತಿರುಗಿತು.
ಕ್ಯಾಲೆಂಡರಿನ ಗಣಪತಿ, ಅವನ ಹಿಂದೆ ಇಸ್ತ್ರಿಪೆಟ್ಟಿಗೆ,
ಅದರ ಹಿಂದೆ ಜಲಜಾಳ ಗಾಬರಿ ಮುಖ,
ಎಲ್ಲವೂ ನನ್ನನ್ನು ಸುತ್ತುಹಾಕಿದವು.
ಮಂಚದ ಸರಳು ಹಿಡಿದುಕೊಂಡೆ.
ಅರ್ಧ ನಿಮಿಷ.
ಆಮೇಲೆ ಒಂದೊಂದೂ ತನ್ನ ಜಾಗಕ್ಕೆ ಬಂದು
ಏನೂ ಮಾಡದವರ ಹಾಗೆ ನಿಂತವು.

"ದುಡ್ಡಿದ್ದವರ ತಲೆ ತಿರುಗುತ್ತದೆ, ನಿನಗೇನು ಬಂತು ಭಾವ?"
ಭಾವಮೈದ ನಕ್ಕ.
ಪಿತ್ತ ಎಂದು ಜಲಜಾ ಲಿಂಬೆ ಹಿಂಡಿದಳು.
ಪಕ್ಕದ ಖೋಲಿಯವರು ದೃಷ್ಟಿ ಎಂದರು.
ಕುತ್ತಿಗೆ, ಎಂದೆ ನಾನು,
ನಾಲ್ಕನೇ ಮಾಳಿಗೆಯ ಗೋಡೆಯ ಅಸ್ಥಿಪಂಜರವನ್ನು
ಬಾಗಿಲಿನಿಂದಲೇ ಓದಿಕೊಂಡ ತಜ್ಞ.

ಬದಲಿ ಹುಡುಗ ಹಿಡಿ ದೂಡಿದ. ಹಿಂದೆ ನಿಂತು
ಮಾಳಿಗೆಗಳು ಒಂದೊಂದಾಗಿ ಇಳಿದುಹೋಗುವುದನ್ನು
ಮೊದಲ ಸಲ ಪುಕ್ಕಟೆ ನೋಡಿದೆ.

ಆಕೆ ಲಟಿಕೆ ಮುರಿಯಲಿಲ್ಲ.
ಎದ್ದಾಗಲೋ, ಹೊರಳಿದಾಗಲೋ? ಮಾತು ತೊದಲಿತೇ?
ಕೈ ಸೋತಿತೇ? ಎರಡೆರಡು ಕಂಡಿತೇ?
ಇಲ್ಲ, ಇಲ್ಲ, ಇಲ್ಲ. "ಹೌದೆಂದಿದ್ದರೆ
ನಿಮ್ಮನ್ನು ಮುಟ್ಟದೆ ದೊಡ್ಡಾಸ್ಪತ್ರೆಗೆ ಓಡಿಸುತ್ತಿದ್ದೆ."
ತಲೆ ಹಿಡಿದು ಥಟ್ಟನೆ ಮಲಗಿಸಿ ಕಣ್ಣನ್ನೇ ನೋಡಿದಳು.
ಕಣ್ಣು ತಾನಾಗಿ ಓಡಿತಂತೆ,
ನಿಂತ ಗಾಡಿಯಲ್ಲಿ ಕೂತವನ ಕಣ್ಣು
ಪಕ್ಕದ ಲೋಕಲಿನ ಬೆನ್ನು ಹತ್ತುವ ಹಾಗೆ.

"ಕುತ್ತಿಗೆಯಲ್ಲ, ಶೀನ ಮೂಲ್ಯ. ಕಿವಿ."
ಕಿವಿಯೊಳಗೆ ಮೂರು ಬಳೆಯಂತೆ, ಬಳೆಯೊಳಗೆ ನೀರಂತೆ.
ಸುಣ್ಣದ ಒಂದು ಕಣ ಮನೆ ಬಿಟ್ಟು ಅಲ್ಲಿ ಹೊಕ್ಕಿದೆಯಂತೆ.
ಅದು ಉರುಳಿದರೆ ನೀರು ಅಲುಗಿ
ನೀನು ತಿರುಗುತ್ತಿದ್ದೀ ಎಂದು ತಲೆಗೆ ಚಾಡಿ ಹೇಳುತ್ತದಂತೆ.

ಎಡಕ್ಕೆ ತಿರುಗಿಸಿ ಹಿಡಿದಳು. ಲೋಕ ಬುಗುರಿಯಾಯಿತು.
"ಬಿಡಬೇಡಿ, ಕಣ್ಣು ತೆರೆದಿರಿ." ಬಲಕ್ಕೆ. ಕಾದೆವು.
ಮಗ್ಗುಲು. ನೆಲ ನೋಡು. ಕಾದೆವು.
ಆ ಎರಡು ಕೈ ನನಗೆ ಗೊತ್ತಿತ್ತು.

ಪಡುಬಿದ್ರಿಯ ಹತ್ತಿರ ಅಪ್ಪನ ತಿಗರಿ.
ಒದ್ದೆ ಮಣ್ಣನ್ನು ಹೀಗೇ ಎರಡೂ ಬದಿಯಿಂದ ಹಿಡಿಯುತ್ತಿದ್ದ.
ನಡು ಸಿಕ್ಕಿದರೆ, ಎನ್ನುತ್ತಿದ್ದ,
ಚಕ್ರ ಎಷ್ಟು ಓಡಿದರೂ ಮಣ್ಣು ನಿಂತಿರುತ್ತದೆ.
ನನ್ನ ಕೈಗೆ ಅದು ಎಂದೂ ಸಿಗಲಿಲ್ಲ.
ಪ್ರತಿ ಗಡಿಗೆಯೂ ಸೊಟ್ಟ. ಹದಿನೇಳಕ್ಕೆ ಬಸ್ಸು ಹತ್ತಿದೆ.

ಎದ್ದು ಕೂತವನೇ ಬಾಲ್ದಿಗೆ ವಾಂತಿ ಮಾಡಿದೆ.
ಮತ್ತೆ ಬರಬಹುದು, ಎಂದಳು ಡಾಕ್ಟರು,
ಬಂದರೆ ಕಿವಿಯ ಡಾಕ್ಟರಿಗೂ ತೋರಿಸಿ, ಚೀಟಿ ಬರೆದಿದ್ದೇನೆ.
ಫೀಸು ಬೇಡವೆಂದಳು. ಬೇಕೆಂದೆ. ಅರ್ಧಕ್ಕೆ ನಿಂತಿತು.

ಈಗ ಸ್ಟೂಲಿನ ಮೇಲೆ ನಾನೇ.
ಎಡಕ್ಕೆ ಮಲಗುವುದಿಲ್ಲ ಇನ್ನೂ, ಹೆದರಿಕೆ.
ಕೊಡೆಯ ಹಿಡಿಯಂಥ ಒಬ್ಬ ಮುದುಕ ನಾಲ್ಕು ಎಂದ.
ಹಿಡಿಯನ್ನು ಸರಿಯಾಗಿ ನಡುವಿಗೇ ತಂದೆ.
ಆದರೂ ಲಿಫ್ಟು ಒಂದು ಇಂಚು ಕೆಳಗೇ ನಿಂತಿತು.
ಜಾಲರಿ ಸರಿಸಿ ಅವನ ಮೊಣಕೈ ಹಿಡಿದೆ:
ಸಂಭಾಳೂನ್, ಕಾಕಾ.