ಎಡಗಿಸೆ

ಹದಿನೆಂಟು ವರ್ಷ ನಾನು ಹೊಲಿದದ್ದು ಎಡಗಿಸೆ.
ಬಲಗಿಸೆ ಪಕ್ಕದ ಮಷೀನಿನದು,
ಗುಂಡಿ ಮೇಲಿನ ಮಹಡಿಯವರದು,
ಜಿಪ್ಪು ಯಾರದೋ, ಮುಖ ನೋಡಿಲ್ಲ.
ದಿನಕ್ಕೆ ಮುನ್ನೂರು, ತುಂಡಿಗಿಷ್ಟು ಪೈಸೆ.
ಪೂರ್ತಿ ಪ್ಯಾಂಟು ಕಂಡದ್ದು
ರಾಯಲ್ ಸರ್ಕಲ್ಲಿನಲ್ಲಿ, ಒಬ್ಬ ಹುಡುಗನ ಮೈಮೇಲೆ.
ಎಡಗೈ ಕಿಸೆಗಿಳಿಸಿ ಬಸ್ಸು ಕಾಯುತ್ತಿದ್ದ.
ನನಗೇಕೋ ನಾಚಿಕೆಯಾಗಿ ಆಚೆ ತಿರುಗಿದೆ.

ಖಾಸಿಂಬಿ ಕರೆದಾಗ ಒಲ್ಲೆ ಅಂದೆ.
ವಾರವೆಲ್ಲ ಹೊಲಿದು ಭಾನುವಾರವೂ ಸೂಜಿಯೇ?
ಅದೂ ಕೌದಿ! ಈ ಬಳ್ಳಾರಿ ಬಿಸಿಲಿಗೆ!
ಹೊದೆಯಾಕಲ್ಲ ಮಾರಾಯ್ತಿ, ಹಾಸಾಕೆ, ಅಂದಳು.
ದುಡ್ಡೆಷ್ಟು?
ದುಡ್ಡಿಲ್ಲ. ಒಗ್ಗರಣೆ, ಮಿರ್ಚಿ ಐತೆ.

ಮಿರ್ಚಿಗಾಗಿಯೇ ಹೋದೆ. ಸುಳ್ಳು ಯಾಕೆ.

ಕೌಲ್ ಬಜಾರಿನಲ್ಲಿ ಆಕೆಯ ಮಾಳಿಗೆ,
ನೀರಿನ ಟ್ಯಾಂಕಿನ ನೆರಳು ಉದ್ದವಾಗುವ ಹೊತ್ತು,
ದೂರದಲ್ಲಿ ಒಂದೇ ಬಂಡೆಯಂಥ ಗುಡ್ಡ
ಇನ್ನೂ ಕಾವು ಉಸಿರಾಡುತ್ತಿತ್ತು.
ಯಾರದೋ ಹಳೇ ಪತ್ತಲ, ಪರಕಾರ, ಶಾಲೆಯ ಅಂಗಿ,
ನಾನು ಚೀಲದಲ್ಲಿ ತಂದ ಜೀನ್ಸಿನ ಚೂರು.
ನನ್ನ ಚೂರಿಗೆ ಮೊದಲ ದಿನವೇ ಮೂರು ಸೂಜಿ ಮುರಿದವು.
ಬೈದರು. ನಕ್ಕರು. ದಬ್ಬಳ ತಂದರು.

ಅಲ್ಲಿ ಮಷೀನಿನ ಸದ್ದಿಲ್ಲ.
ಇಷ್ಟು ವರ್ಷ ಕೂಗಿಯೇ ಮಾತಾಡಿದವಳು
ನನ್ನ ದನಿಗೆ ನಾನೇ ಬೆಚ್ಚಿಬಿದ್ದೆ.
ಮೆಲ್ಲಗ ಮಾತಾಡವ್ವ, ಇಲ್ಲಿ ಕಿವುಡರಿಲ್ಲ,
ಅಂದಳು ಸುಂಕಮ್ಮ.
ಕಿವಿ ಕೇಳದವಳು ಆಕೆಯೊಬ್ಬಳೇ.

ಅಂಚಿನಿಂದ ಶುರು ಕೌದಿ ಹೊಲಿಗೆ.
ಸುತ್ತ ಏಳು ಜನ, ಒಬ್ಬೊಬ್ಬರದು ಒಂದೊಂದು ದಿಕ್ಕು.
ಸಾಲು ಸಾಲು ಒಳಗೆ ಸರಿದಂತೆ
ಮೊಣಕಾಲಿಗೆ ಮೊಣಕಾಲು,
ಆಮೇಲೆ ತಲೆಗೆ ತಲೆ.
ಒಬ್ಬಳ ಎಣ್ಣೆಯ ವಾಸನೆ ಇನ್ನೊಬ್ಬಳಿಗೆ ಗೊತ್ತಾಗುವಷ್ಟು.

ಯರ್ರೆಮ್ಮ ರುಜು ಕಲಿತದ್ದು ಇಲ್ಲೇ, ಕೆಂಪು ದಾರದಲ್ಲಿ.
ಹಳದಿ ತುಂಡಿನಲ್ಲಿ ಹೆಸರು ಹೊಲಿದಳು;
ಒತ್ತಕ್ಷರಕ್ಕೆ ಜಾಗ ಸಾಲದೆ
ಕೆಳಗಿನ ಹಸಿರಿಗೆ ಇಳಿದು ಕೂತಿದೆ.
ಬ್ಯಾಂಕಿನಲ್ಲೂ ಈಗ ಹಾಗೇ ಬರೆಯುತ್ತಾಳೆ,
ಗೆರೆ ದಾಟಿ.

ಸೂಜಿ ನೋಡುತ್ತ ಆಡಿದರೆ
ಎಂಥ ಮಾತೂ ಹೊರಗೆ ಬರುತ್ತದೆ,
ಎದುರಿನವರ ಕಣ್ಣು ನೋಡಬೇಕಿಲ್ಲವಲ್ಲ.
ರೋಜಾ ಒಂದು ಸಂಜೆ ತಲೆ ಬಗ್ಗಿಸಿಯೇ
ಆ ಮನಿಗೆ ನಾ ಹೊಳ್ಳಿ ಹೋಗಂಗಿಲ್ಲ, ಅಂದಳು.
ಯಾರೂ ತಲೆ ಎತ್ತಲಿಲ್ಲ.
ಆರು ದಾರ ಒಂದೇ ಸಲ ಬಿಗಿದವು.
ಏನೂ ಕೇಳಿಸದ ಸುಂಕಮ್ಮ ಮಾತ್ರ
ತನ್ನ ಮಿರ್ಚಿಯನ್ನು ಅವಳ ತಟ್ಟೆಗೆ ಹಾಕಿದಳು.

ಕಚೇರಿಯಿಂದ ಒಬ್ಬ ಹುಡುಗಿ ಬಂದಿದ್ದಳು ಮೊನ್ನೆ.
ಫಾರಮ್ಮಿನಲ್ಲಿ ಒಂದು ಗೆರೆ ಖಾಲಿ:
ಗುಂಪಿನಿಂದ ಆದ ಲಾಭ.
ಏನು ಬರೀಲಿ ಅಮ್ಮಾ?
ಏಳು ಜನ ಮುಖ ಮುಖ ನೋಡಿಕೊಂಡೆವು.
ಕೌದಿ ಐದಾದವು ಅನ್ನು, ಅಂದಳು ಖಾಸಿಂಬಿ.
ಪೆನ್ನು ಇನ್ನೂ ಕಾಯುತ್ತಿತ್ತು.
ನಡ ನೋವು ಅಂತ ಬರಿ, ಅಂದಳು ಯರ್ರೆಮ್ಮ.

ಆರನೆಯದು ನನ್ನ ಸರದಿ.
ಕೊನೆಯ ಮೂಲೆ ಮುಚ್ಚುವ ಮೊದಲು
ಒಳಗೆ ಬೆಲ್ಲದ ಚೂರಿಟ್ಟರು, ಕೌದಿಗೂ ಹಸಿವಿರುತ್ತದಂತೆ.
ಇರುವೆ ಬರ್ತಾವಲ್ರೇ ಅಂದೆ.
ಬರಲಿ ಬಿಡು, ಅವೂ ಏಳೇ ಬರಲಿ.

ರಾತ್ರಿ ಮಾಳಿಗೆಯಲ್ಲಿ ಹಾಸಿ ಮಲಗಿದರೆ
ಎದೆಯ ಮಟ್ಟದಲ್ಲಿ ಏನೋ ಗಂಟು ಒತ್ತಿತು.
ತಡವಿದೆ. ಕಿಸೆ.
ನನ್ನದೇ ಚೀಲದ್ದು, ಬಾಯಿ ಹೊಲಿಯದೆ ಬಿಟ್ಟದ್ದು,
ಸೊಟ್ಟಗೆ ಕೂರಿಸಿದ್ದಾರೆ;
ಸೂಪರ್‌ವೈಸರ್ ಕಂಡಿದ್ದರೆ ಕಿತ್ತು ಎಸೆಯುತ್ತಿದ್ದ.

ಎಡಗೈ ಒಳಗಿಟ್ಟೆ.
ಮಣಿಕಟ್ಟಿನತನಕ ಹೋಯಿತು.
ಇಷ್ಟು ಆಳ ಇರ್ತದೆ ಅಂತ
ಗೊತ್ತೇ ಇರಲಿಲ್ಲ ನನಗೆ.