ಬರಿ

ಮಟ್ಟುವಿನ ಗುಳ್ಳವನ್ನು ಎರಡಾಗಿ ಸೀಳಿ
ಬ್ರಹ್ಮಾವರದ ತನಕ ತಂದು ನನ್ನ ಮೇಜಿನ ಮೇಲಿಟ್ಟರು
ವಾಮನ ಬಂಗೇರರು.
ಬಿಳಿ ತಿರುಳಿನಲ್ಲಿ ಸುರಂಗ, ಸುರಂಗದ ತುದಿಗೆ
ನಸುಗೆಂಪು ಸೋಮಾರಿ.
"ಮಠಕ್ಕೂ ಹೋಗುವ ಕಾಯಿ, ಮದ್ದು ಹೊಡೆಯಲಿಕ್ಕೆ ಮನಸ್ಸಿಲ್ಲ.
ನಿಮ್ಮ ಆ ಕಾರ್ಡು ಕೊಡಿ."

ಕಾರ್ಡೆಂದರೆ ಒಂದು ತುಂಡು ರಟ್ಟು, ಗೋಂದು,
ಅದರ ಮೇಲೆ ಉದುರಿಸಿದ ಅಕ್ಕಿಪತಂಗದ ಮೊಟ್ಟೆ,
ರವೆಗಿಂತ ಸಣ್ಣ, ಹದಿನೆಂಟು ಸಾವಿರ.
ನಾಲ್ಕನೆಯ ದಿನ ಕಪ್ಪಾದರೆ ನನಗೆ ಸಮಾಧಾನ:
ಒಳಗೆ ಕಣಜವಿದೆ.
ಕಣಜವೆಂದರೆ ಬಂಗೇರರಿಗೆ ಭತ್ತ ತುಂಬುವ ಜಾಗ,
ನನಗೆ ಕೆಂಪು ಕಣ್ಣಿನ
ಅರ್ಧ ಮಿಲ್ಲಿಮೀಟರಿನ ಹೆಂಗಸು.

ನಮ್ಮ ಸಾಕಣೆಯಲ್ಲಿ ಗಂಡಿಲ್ಲ.
ಹನ್ನೊಂದು ವರ್ಷದ ವಹಿ ತೆರೆದರೂ ಗಂಡಿನ ಕಾಲಮ್ಮಿನಲ್ಲಿ
ಸೊನ್ನೆ, ಸೊನ್ನೆ, ಸೊನ್ನೆ.
ಸಿಸಿಲ್ಯಾ ನಕ್ಕಳು. ಮೇಡಂ ನಗಲಿಲ್ಲ:
ಇವುಗಳೊಳಗೊಂದು ಒಕ್ಕಲಿದೆ, ಹೆಸರು ವೊಲ್ಬಾಕಿಯಾ,
ಬರಿಗಣ್ಣಿಗೆ ಕಾಣದು.
ತಂದೆಯ ಕಡೆಯಿಂದ ದಾಟಲಾರದು,
ತಾಯ ಮೊಟ್ಟೆಯೊಂದೇ ಅದಕ್ಕೆ ದೋಣಿ.
ಹಾಗಾಗಿ, ಗಂಡಾಗಬೇಕಿದ್ದ ಮೊಟ್ಟೆಯನ್ನೂ
ಹೆಣ್ಣು ಮಾಡಿಬಿಡುತ್ತದೆ.

ನನಗೆ ಅಜ್ಜಿ ನೆನಪಾದಳು.
ಹೊಸಬರು ಯಾರೇ ಬರಲಿ, ನೀರು ಬೆಲ್ಲ ಮುಂದಿಟ್ಟು
ಮೊದಲ ಪ್ರಶ್ನೆ: "ವಾ ಬರಿ?"
ಅಪ್ಪನ ಹೆಸರು ಕೇಳಿದ್ದೇ ಇಲ್ಲ.
ಕುಂದರ್ ಎಂದರೆ ಕುಂದರ್. ಅಮ್ಮನದು, ಅವಳ ಅಮ್ಮನದು,
ಇನ್ನೂ ಹಿಂದೆ ಹೋದರೆ
ಬಲೆ ಒಣಹಾಕುತ್ತಾ ನಿಂತ ಯಾರೋ ಒಬ್ಬಳದು.
ನಮ್ಮ ಬರಿಯಲ್ಲಿ ಗಂಡಸರಿದ್ದರು, ಇಲ್ಲವೆಂದಲ್ಲ.
ಮೀನು ತಂದರು, ಜಗಳ ತಂದರು,
ಹೆಸರು ತರಲಿಲ್ಲ.

ಕಳೆದ ಸೋಣದಲ್ಲಿ ಜೇನಿಗೆ ಟೆಟ್ರಾಸೈಕ್ಲಿನ್ ಬೆರೆಸಿ
ಗಾಜಿನ ನಳಿಗೆಯೊಳಗೆ ಸಣ್ಣ ಗೆರೆ ಎಳೆದೆ.
ಅದೇ ವಾರ ನಮ್ಮೂರಿಗೆ ಇಲಿಜ್ವರ.
ಗದ್ದೆಗಿಳಿದವರಿಗೆಲ್ಲ ಆಶಾ ಕಾರ್ಯಕರ್ತೆ ಹಂಚಿದ ಮಾತ್ರೆ
ನನ್ನ ಅಂಗೈಗೂ ಬಂತು: ಅದೇ ಮದ್ದಿನ ತಂಗಿ.
ಊಟವಾದ ಮೇಲೆ ನಾನು ನುಂಗಿದೆ,
ಅವು ನೆಕ್ಕಿದವು.

ಗಂಡು ಹುಟ್ಟಿತು.
ಮೀಸೆಯಲ್ಲಿ ಕೂದಲು, ಹೌದು, ಲೆನ್ಸಿನಡಿ ಸ್ಪಷ್ಟ.
ಕಾಲಮ್ಮಿನಲ್ಲಿ ಒಂದು ಎಂದು ಬರೆಯುವಾಗ ಪೆನ್ನು ತಡೆಯಿತು.
ಹೆಣ್ಣುಗಳ ಸುತ್ತ ಅವನು ಸುತ್ತಿದ, ಸುತ್ತಿದ.
ಅವಕ್ಕೆ ಮರೆತುಹೋಗಿತ್ತು.
ದಾರಿಯ ಕಲ್ಲನ್ನು ಬಳಸುವಂತೆ ಅವನನ್ನು ಬಳಸಿ
ಮೊಟ್ಟೆಯ ಕಡೆಗೇ ನಡೆದವು.

ಆ ರಾತ್ರಿ ಹೊಟ್ಟೆಯುರಿ. ನಿದ್ದೆಯಿಲ್ಲ.
ನನ್ನೊಳಗೆ ಯಾರ‍್ಯಾರಿದ್ದರೋ, ಯಾರು
ಹೇಳದೆ ಎದ್ದುಹೋದರೋ.
ಅಮ್ಮ ಏನೂ ಕೇಳದೆ ಮಜ್ಜಿಗೆ ಕೊಟ್ಟಳು.

ಬಂಗೇರರಿಗೆ ಕೊಟ್ಟದ್ದು ಹಳೆಯ ಸಾಲಿನ ಕಾರ್ಡು,
ಮದ್ದು ಮುಟ್ಟದ್ದು.
"ಎಲೆಯ ಅಡಿಗೆ ಸಿಕ್ಕಿಸಿ, ಬೈಗಿಗೆ. ಇರುವೆ ಬಾರದ ಹಾಗೆ."
ಬೆಳಕಿಗೆ ಹಿಡಿದು ನೋಡಿದರು.
"ಇದೆಂಥ ಮಾರಾಯ್ತಿ, ಬರಿ ಕಪ್ಪು ಚುಕ್ಕೆ?"

ಬರಿ, ಎಂದೆ.

ಅಂಗಿಯ ಕಿಸೆಗೆ ಹಾಕಿಕೊಂಡು ಸ್ಕೂಟರ್ ಹತ್ತಿದರು.
ಹೊರಟಿತು ಸಮುದ್ರದ ಬದಿಯ ದಾರಿಯಲ್ಲಿ
ಹದಿನೆಂಟು ಸಾವಿರ ತಾಯಂದಿರ ಮೆರವಣಿಗೆ,
ಹೆಲ್ಮೆಟ್ಟಿಲ್ಲದೆ.