ಹುಸೇನಪ್ಪನ ಹೆಬ್ಬೆಟ್ಟು

ಕಾರಟಗಿಯ ಬೈಪಾಸಿನಲ್ಲಿ
ಅಕ್ಕಿ ಮಿಲ್ಲಿನ ಗೋಡೆಗೆ ಬೆನ್ನು ಹಚ್ಚಿ ಒಂದು ತಗಡಿನ ಶೆಡ್ಡು.
ಹೊಟ್ಟಿನ ಬೂದಿ ಯಾರನ್ನೂ ಬಿಟ್ಟಿಲ್ಲ:
ಬಿಚ್ಚಿಟ್ಟ ಡೈನಮೊ, ಅರ್ಧ ಕುಡಿದ ಚಹಾ,
ಹುಸೇನಪ್ಪನ ರೆಪ್ಪೆ.

ನನ್ನ ಸುಮೊ ಅಲ್ಲಿಗೆ ತಾನಾಗಿ ಬಂದದ್ದಲ್ಲ,
ನೂಕಿಸಿಕೊಂಡು ಬಂದದ್ದು.
ಒಳಗೆ ಒಂಬತ್ತು ಮಕ್ಕಳು, ಒಂಬತ್ತು ಬುತ್ತಿ,
ಶಾಲೆಯ ಗಂಟೆಗೆ ಇನ್ನು ಇಪ್ಪತ್ತು ನಿಮಿಷ.

ಅವನಿಗೇನೂ ಅವಸರವಿಲ್ಲ.
"ಮೊದಲು ಲೈಟ್ ಹಾಕು. ಈಗ ಚಾವಿ ತಿರುವು.
ಮಂಕಾತೇನು?"
ಇಲ್ಲ. ಹಾಡುಹಗಲಲ್ಲಿ ಎರಡು ಹಳದಿ ಕಣ್ಣು
ಮಿಲ್ಲಿನ ಗೋಡೆಯನ್ನು ನೆಟ್ಟಗೆ ನೋಡುತ್ತಿದ್ದವು.
"ಹಂಗಾದ್ರ ಬ್ಯಾಟರಿ ಬಡವ ಅಲ್ಲ.
ಕೊಡೋನ ಹತ್ರ ಐತಿ, ಇಸಕೊಳ್ಳೋನಿಗೆ ಮುಟ್ಟವಲ್ದು."

ಬಾನೆಟ್ಟು ಎತ್ತಿದ.
ರಿಲೇ ಅಂದರೆ ಬೆಂಕಿಪೊಟ್ಟಣದಷ್ಟು ಕರೀ ಡಬ್ಬಿ,
ಅದರ ಮೇಲೆ ಹೆಬ್ಬೆಟ್ಟು ಇಟ್ಟ
ಹಸುಗೂಸಿನ ನೆತ್ತಿಯ ಮೇಲೆ ಇಟ್ಟ ಹಾಗೆ.
"ತಿರುವು."
ತಿರುವಿದೆ.
"ಟಿಕ್ ಅಂತೇನು?"

ಹೆಬ್ಬೆಟ್ಟು ಅಲ್ಲೇ ಇದೆಯಲ್ಲ, ನನ್ನನ್ನೇಕೆ ಕೇಳುತ್ತಾನೆ?
ನಾನು ಬಾಯಿ ತೆಗೆಯುವ ಮೊದಲೇ ಹಿಂದಿನ ಸೀಟುಗಳಿಂದ
"ಅಂತ್ರೀ!"
ಅವನು ಪಕ್ಕಕ್ಕೆ ಬಾಗಿ ಇಣುಕಿ
ಒಂಬತ್ತು ಬಾಯಿಗಳನ್ನು ನೋಡಿದ.
ಕೇಳಲಿಲ್ಲ. ನೋಡಿದ.

ಆಗ ಹೊಳೆಯಿತು.
ಹದಿನೆಂಟು ವರ್ಷ ಗೋಡೆಯಾಚೆಯ ಹಲ್ಲರ್ ಬಡಿದೂ ಬಡಿದೂ
ಸಣ್ಣ ಸದ್ದುಗಳನ್ನು ಜರಡಿ ಹಿಡಿದು ಒಯ್ದಿದೆ.
ದೊಡ್ಡವು ಉಳಿದಿವೆ:
ಲಾರಿ, ಗುಡುಗು, ಹೆಂಡತಿ ಹುಲಿಗೆಮ್ಮ.

ಸ್ಟಾರ್ಟರಿನ ಬೆನ್ನಿಗೆ ಪಾನಾದಿಂದ ಎರಡು ಬಿಟ್ಟ.
ಕೆಲವಕ್ಕೆ ಅಷ್ಟೇ ಸಾಕಂತೆ.
ಇದಕ್ಕೆ ಸಾಕಾಗಲಿಲ್ಲ.

ಬಲ್ಬಿಗೆ ಎರಡು ವೈರು ಕಟ್ಟಿದ ತನ್ನ ಟೆಸ್ಟರು ತೆಗೆದು
ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿ
ಇನ್ನೊಂದನ್ನು ಸೊಲೆನಾಯ್ಡಿನ ಸಣ್ಣ ಮೊಳೆಗೆ ಮುಟ್ಟಿಸಿದ.
ತಿರುವಿದೆ. ಹತ್ತಿತು.
"ಬಾಗಿಲ ತನಕ ಬರ್ತೈತಿ."
ಬ್ಯಾಟರಿಯ ತುದಿ ಕಿತ್ತು ಎಂಜಿನ್ನಿನ ಮೈಗೇ ಒತ್ತಿದ.
ತಿರುವಿದೆ.
ಬಲ್ಬಿನೊಳಗೆ ಕತ್ತಲೆ.

"ಅರ್ಥ್ ಇಲ್ಲ" ಅಂದ.
ಮೂರನೇ ಕ್ಲಾಸಿನ ಲಿಖಿತಾ, ಕ್ಯಾಂಪಿನ ಹುಡುಗಿ,
ಕಿಟಕಿಯಿಂದ ತಲೆ ಹಾಕಿ
"ಯಾವ ಪದಕ್ಕ, ಮಾಮಾ?"
ಅವನಿಗೆ ಕೇಳಲಿಲ್ಲ. ನಾನೂ ದಾಟಿಸಲಿಲ್ಲ.

ಗಾಡಿಯಡಿ ಅಂಗಾತ ಜಾರಿ ಹೋಗಿ
ಕೈಯಲ್ಲೊಂದು ಚೂರು ಹಿಡಿದು ಎದ್ದುಬಂದ:
ಜಡೆಯಂತೆ ಹೆಣೆದ ತಾಮ್ರದ ಪಟ್ಟಿ,
ಗದ್ದೆಯ ಕೆಸರು, ಗೊಬ್ಬರದ ನೀರು ನೆಕ್ಕಿ ನೆಕ್ಕಿ
ಹಸಿರು ಬೂಷ್ಟು ಹಿಡಿದದ್ದು.
ಹಿಚುಕಿದರೆ ಅವಲಕ್ಕಿಯ ಹಾಗೆ ಉದುರಿತು.
"ಬಂದ ಕರೆಂಟು ತಿರುಗಿ ಹೋಗಾಕ ದಾರಿ ಬೇಕಲ್ಲೋ."
ನಾನು ಕಳೆದ ವಾರವಷ್ಟೇ ಕೊಪ್ಪಳದಲ್ಲಿ
ಹೊಸ ರಿಲೇ ಹಾಕಿಸಿದ್ದನ್ನು ಹೇಳಲಿಲ್ಲ.
ಹೇಳದೆಯೇ ಅವನಿಗೆ ಗೊತ್ತಿತ್ತು: ಡಬ್ಬಿಯ ಮೇಲಿನ ಚೀಟಿ ಇನ್ನೂ ಬೆಳ್ಳಗಿತ್ತು.

ದಪ್ಪ ಕೇಬಲ್ಲೊಂದನ್ನು ಬ್ಯಾಟರಿಯಿಂದ ಎಂಜಿನ್ನಿಗೆ ನೇರ ಬಿಗಿದ.
"ತಿರುವು."

ಸುಮೊ ಒಮ್ಮೆ ಕೆಮ್ಮಿ ಎದ್ದಿತು.
ಮಕ್ಕಳು ಕೂಗಿದರು, ಬೂದಿ ಹಾರಿತು,
ಬುತ್ತಿಯ ಮುಚ್ಚಳಗಳು ಗಲಗಲ ಅಂದವು.
ನಾನು ಗೇರಿಗೆ ಕೈ ಹಾಕಿದ್ದೆ.
ಮುಚ್ಚಿದ ಬಾನೆಟ್ಟಿನ ಮೇಲೆ ಅಂಗೈ ಊರಿ
ಅವನಿನ್ನೂ ನಿಂತಿದ್ದ, ಕಣ್ಣು ಮುಚ್ಚಿಕೊಂಡು.
"ಒಂದು ಸಿಲಿಂಡರ್ ಮಿಸ್ ಹೊಡೀತೈತಿ.
ಸಂಜಿಗೆ ತಂದುಬಿಡು."

ನನ್ನ ಎರಡೂ ಕಿವಿಗೆ ಅದು ಬಿದ್ದಿರಲಿಲ್ಲ.